ಕಂಪನಿಗಳೇ ಮಾರುವ ಹಳೇ ಗೇಮ್‌ಗಳ ಒಳಗಿನ ಎಮ್ಯುಲೇಟರ್: ರಾಮ್ ಎಲ್ಲಿಂದ ಬರುತ್ತೆ, ವೇಗ ಯಾಕೆ ಕೆಡುತ್ತೆ, ಯಾವ ಲೈಸೆನ್ಸ್ ನಡೆಯುತ್ತೆ?

ಹಳೇ_ಜಾಯ್‌ಸ್ಟಿಕ್

ಎಲ್ಲರಿಗೂ ನಮಸ್ಕಾರ. ಎಮ್ಯುಲೇಟರ್ ಅಂದ್ರೆ ಒಂದು ಯಂತ್ರದ ಗೇಮನ್ನು ಇನ್ನೊಂದರಲ್ಲಿ ಓಡಿಸೋಕೆ ಮೂಲ ಯಂತ್ರದಂತೆ ನಟಿಸುವ ಪ್ರೋಗ್ರಾಂ. ನಿಂಟೆಂಡೊ ಸ್ವಿಚ್ ಗೇಮ್‌ಗಳನ್ನು ಓಡಿಸುವ ಯುಜು ಎಮ್ಯುಲೇಟರ್ ಮಾಡಿದವರ ಮೇಲೆ ನಿಂಟೆಂಡೊ ಕೇಸು ಹಾಕಿ, 2024ರ ಮಾರ್ಚ್‌ನಲ್ಲಿ 24 ಲಕ್ಷ ಡಾಲರಿಗೆ ರಾಜಿಯಾಗಿ, ಆ ಪ್ರಾಜೆಕ್ಟನ್ನೇ ಮುಚ್ಚಿಸಿತು. ಅದೇ ನಿಂಟೆಂಡೊ ಸ್ವಿಚ್ ಆನ್‌ಲೈನ್ ಚಂದಾದಾರರಿಗೆ ತನ್ನ ಹಳೇ ಕನ್ಸೋಲ್‌ಗಳಾದ ಎನ್‌ಇಎಸ್, ಎನ್64 ಗೇಮ್‌ಗಳನ್ನು ಕೊಡ್ತಿರೋದು ಎಮ್ಯುಲೇಟರ್ ಮೂಲಕವೇ. ಹಳೇ ಪ್ಲೇಸ್ಟೇಷನ್ ಗೇಮ್‌ಗಳನ್ನು ತುಂಬಿ ಸೋನಿ ಮಾರಿದ ಪುಟ್ಟ ಯಂತ್ರ ಪ್ಲೇಸ್ಟೇಷನ್ ಕ್ಲಾಸಿಕ್ ಒಳಗಿರೋದಂತೂ ಹೊರಗಿನವರು ಬರೆದ ಓಪನ್ ಸೋರ್ಸ್ ಎಮ್ಯುಲೇಟರ್ ಅಂತ ಓದಿದೆ.

ವೀ ಕನ್ಸೋಲಿನಲ್ಲಿ ನಿಂಟೆಂಡೊ ಮಾರಿದ ಸೂಪರ್ ಮಾರಿಯೊ ಬ್ರದರ್ಸ್ ರಾಮ್ (ROM, ಅಂದ್ರೆ ಗೇಮ್ ಚಿಪ್‌ನಿಂದ ಓದಿ ತೆಗೆದ ಫೈಲ್) ಇಂಟರ್ನೆಟ್‌ನಿಂದ ಇಳಿಸಿಕೊಂಡಿದ್ದು ಅನ್ನೋ ಮಾತು ನಿಜವಾ? ಅದನ್ನು ಪರೀಕ್ಷಿಸೋಕೆ ದಾರಿ ಇದೆಯಾ? ಎರಡನೇದು, ಅಧಿಕೃತವಾಗಿ ಕೊಂಡ ಹಳೇ ಗೇಮ್ ಎಷ್ಟೋ ಸಲ ಮೂಲಕ್ಕಿಂತ ನಿಧಾನ ಅನಿಸುತ್ತೆ, ಚಿತ್ರ ತಡವರಿಸುತ್ತೆ, ಅದು ಯಾಕೆ? ಕೊನೇದು ಕೆಲಸದ ಪ್ರಶ್ನೆ: 16-ಬಿಟ್ ಕಾಲದ ಒಂದು ಮೆಗಾ ಡ್ರೈವ್ (ಸೆಗಾದ ಕನ್ಸೋಲ್) ಗೇಮ್‌ನ ಹಕ್ಕು ಕೈಯಲ್ಲಿದೆ, ಸೋರ್ಸ್ ಕೋಡ್ ಕಳೆದುಹೋಗಿದೆ, ಸ್ಟೀಮ್ ಅನ್ನೋ ಪಿಸಿ ಗೇಮ್ ಅಂಗಡಿಯಲ್ಲಿ ಮಾರಬೇಕು ಅಂದ್ರೆ ಯಾವ ಎಮ್ಯುಲೇಟರ್ ಬಳಸಬಹುದು?

ಮ್ಯಾಪರ್_ಸೊನ್ನೆ

ಮಾರಿಯೊದಿಂದಲೇ ಶುರು ಮಾಡೋಣ. ಇದರ ಬಗ್ಗೆ ಅರ್ಧಂಬರ್ಧ ಮಾತೇ ಜಾಸ್ತಿ ಓಡಾಡ್ತಿದೆ.

ಎನ್‌ಇಎಸ್ ಕಾರ್ಟ್ರಿಜ್‌ನಲ್ಲಿ ಫೈಲ್ ಅನ್ನೋದೇ ಇರಲ್ಲ, ಚಿಪ್‌ಗಳಿರ್ತವೆ. ಪ್ರೋಗ್ರಾಂ ಪಿಆರ್‌ಜಿ ರಾಮ್ ಅನ್ನೋ ಚಿಪ್‌ನಲ್ಲಿ, ಚಿತ್ರಗಳು ಸಿಎಚ್‌ಆರ್ ರಾಮ್ ಅನ್ನೋ ಚಿಪ್‌ನಲ್ಲಿ. ಎರಡನ್ನೂ ಓದಿ ಒಂದೇ ಫೈಲಿಗೆ ಸೇರಿಸಿದ ಮೇಲೆ, ಯಾವುದು ಎಲ್ಲಿಗೆ ಮುಗೀತು, ಬೋರ್ಡ್ ಯಾವ ಥರದ್ದು ಅಂತ ಎಮ್ಯುಲೇಟರಿಗೆ ತಿಳಿಸಬೇಕಲ್ಲ, ಅದಕ್ಕೆ ಮರಾತ್ ಫೈಜುಲ್ಲಿನ್ ತಮ್ಮ ಐನೆಸ್ ಎಮ್ಯುಲೇಟರಿಗೋಸ್ಕರ ಫೈಲಿನ ಶುರುವಿನಲ್ಲಿ ಕೂರುವ 16 ಬೈಟಿನ ಒಂದು ಹೆಡರ್ ರೂಪಿಸಿದರು. ಅಭಿಮಾನಿಗಳ ಲೋಕದಲ್ಲಿ ಹುಟ್ಟಿದ ಈ ಹೆಡರ್ ನಿಂಟೆಂಡೊ ಮಾರಿದ ಫೈಲಿನಲ್ಲೇ ಇದೆ ಅಂತ 2016ರ ಜಿಡಿಸಿ ಅನ್ನೋ ಗೇಮ್ ತಯಾರಕರ ಸಮ್ಮೇಳನದಲ್ಲಿ ಗೇಮ್ ಇತಿಹಾಸಕಾರ ಫ್ರಾಂಕ್ ಸಿಫಾಲ್ಡಿ ತೋರಿಸಿದರು. ಗಲಾಟೆ ಶುರುವಾಗಿದ್ದು ಅಲ್ಲಿಂದ.

ಎಚ್‌ಎಕ್ಸ್‌ಡಿಯಂಥ ಹೆಕ್ಸ್ ಎಡಿಟರಿನಲ್ಲಿ ತೆರೆದರೆ ಕಾಣೋದು ಇಷ್ಟು. ಮೊದಲ ಮೂರು ಬೈಟ್ ಎನ್, ಇ, ಎಸ್ ಅಕ್ಷರಗಳು. ನಾಲ್ಕನೇದು 26, ಅಂದ್ರೆ ಡಾಸ್ ಕಾಲದ ಫೈಲ್-ಮುಗಿಯಿತು ಗುರುತು. ಐದನೇ ಬೈಟ್ 2: ಹದಿನಾರು ಕಿಲೋಬೈಟಿನ ಪಿಆರ್‌ಜಿ ತುಂಡು ಎರಡು. ಆರನೇದು 1: ಎಂಟು ಕಿಲೋಬೈಟಿನ ಸಿಎಚ್‌ಆರ್ ತುಂಡು ಒಂದು. ಏಳನೇದು 1: ಲಂಬ ಮಿರರಿಂಗ್ (ಹಿನ್ನೆಲೆ ಚಿತ್ರದ ಮೆಮೊರಿ ಜೋಡಿಸುವ ರೀತಿ), ಮ್ಯಾಪರ್ (ಬೋರ್ಡ್ ಯಾವ ಥರದ್ದು ಅಂತ ಹೇಳುವ ಸಂಖ್ಯೆ) 0. ಒಟ್ಟು 16 + 32,768 + 8,192 = 40,976 ಬೈಟ್.

ಈಗ ನೋಡಿ, ಇದರಲ್ಲಿ ಡಂಪ್ ಮಾಡಿದವರು, ಅಂದ್ರೆ ಚಿಪ್ ಓದಿ ಫೈಲ್ ಮಾಡಿದವರು, ತಮ್ಮ ಇಷ್ಟದಂತೆ ಬರೆಯೋಕೆ ಜಾಗವೇ ಇಲ್ಲ. ಚಿಪ್‌ಗಳು ಕಾರ್ಖಾನೆಯಲ್ಲಿ ಅಚ್ಚಾದವು, ಹೆಡರಿನ ಅಂಕಿಗಳು ಬೋರ್ಡ್ ಹೇಗಿದೆಯೋ ಹಾಗೆ ಬರ್ತವೆ. ಕ್ಯೋಟೋದಲ್ಲಿ ಒಬ್ಬರು, ಇನ್ನೆಲ್ಲೋ ಒಬ್ಬರು, ಪರಸ್ಪರ ಗೊತ್ತಿಲ್ಲದೇ ಸರಿಯಾಗಿ ಡಂಪ್ ಮಾಡಿದ್ರೂ ಬೈಟಿಗೆ ಬೈಟ್ ಒಂದೇ ಫೈಲ್ ಸಿಗುತ್ತೆ. ಹಾಗಾಗಿ ಇಂಟರ್ನೆಟ್ ಪ್ರತಿಗೂ ಅಧಿಕೃತ ಪ್ರತಿಗೂ ವ್ಯತ್ಯಾಸ ಇಲ್ಲ ಅನ್ನೋದು ಕದ್ದದ್ದಕ್ಕೆ ಸಾಕ್ಷಿಯಾಗಲ್ಲ. ಅಭಿಮಾನಿಗಳ ಫಾರ್ಮ್ಯಾಟನ್ನು ಕಂಪನಿಯೊಳಗೂ ಬಳಸಿದ್ದಾರೆ ಅನ್ನೋದಷ್ಟೇ ಅದರಿಂದ ಖಚಿತ.

ಗಟ್ಟಿ ಸಾಕ್ಷಿ ಬೇಕಂದ್ರೆ ಕಸ, ಅಂದ್ರೆ ಕಾರ್ಟ್ರಿಜ್‌ನಲ್ಲಿ ಇಲ್ಲದ ಹೆಚ್ಚುವರಿ ಬೈಟ್, ಹುಡುಕಬೇಕು. ಹಳೇ ಉಪಕರಣವೊಂದು ಎಂಟರಿಂದ ಹದಿನಾರನೇ ಬೈಟಿನವರೆಗೆ "ಡಿಸ್ಕ್‌ಡ್ಯೂಡ್!" ಅಂತ ಇಂಗ್ಲಿಷಿನ ಒಂಬತ್ತು ಅಕ್ಷರ ತುಂಬಿಸ್ತಿತ್ತು. ಎಂಟನೇ ಬೈಟಿನ ಮೇಲಿನ ನಾಲ್ಕು ಬಿಟ್ ಮ್ಯಾಪರ್ ಸಂಖ್ಯೆಯ ಭಾಗ. ಡಿ ಅಕ್ಷರದ ಸಂಕೇತ 68 ಅಲ್ಲಿ ಕೂತರೆ ಮ್ಯಾಪರ್‌ಗೆ 64 ಸೇರಿಕೊಂಡು ಗೇಮ್ ಓಪನ್ನೇ ಆಗಲ್ಲ. ಇನ್ನೊಂದು ಗುರುತು ಹೆಡರ್ ಆದಮೇಲೆ ಬರುವ 512 ಬೈಟಿನ ಟ್ರೇನರ್, ಅಂದ್ರೆ ಹೊರಗಿನವರು ಸೇರಿಸಿದ ಕೋಡ್. ಇಂಥದ್ದು ಅಧಿಕೃತ ಫೈಲಿನಲ್ಲಿ ಸಿಕ್ಕರೆ ಅಲ್ಲಿಗೆ ವಾದ ಮುಗೀತು. ಎರಡು ಡಂಪ್ ಹೋಲಿಸುವಾಗ ಮೊದಲ 16 ಬೈಟ್ ಕತ್ತರಿಸಿ, ಉಳಿದದ್ದರ ಎಸ್‌ಎಚ್‌ಎ-1 ಹ್ಯಾಷ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ನೋಡಿ. ಹೆಡರ್ ಸಮೇತ ಹ್ಯಾಷ್ ಮಾಡಿ "ಬೇರೆ ಬೇರೆ ಫೈಲ್" ಅನ್ನೋದು ಎಲ್ಲರೂ ಮಾಡುವ ತಪ್ಪು.

ಟೇಪ್‌ಲೋಡರ್

ಹೆಡರ್ ವಿಷಯ ಒಪ್ಪಿದೆ ಗುರುಗಳೇ. ಆದ್ರೆ ಅಷ್ಟಕ್ಕೇ ಕಂಪನಿಗಳನ್ನು ಬಿಟ್ಟುಬಿಡೋದು ಬೇಡ. ನೀವು ಹೇಳಿದ ಥರದ ಕಸ ನಿಜವಾಗಿ ಸಿಕ್ಕಿರೋದು ಪಿಸಿ ಗೇಮ್‌ಗಳಲ್ಲಿ. ಸ್ಟೀಮ್‌ನಲ್ಲಿ ರಾಕ್‌ಸ್ಟಾರ್ ಮಾರುತ್ತಿದ್ದ ಮಿಡ್‌ನೈಟ್ ಕ್ಲಬ್ 2, ಮ್ಯಾನ್‌ಹಂಟ್ ಫೈಲ್‌ಗಳು ರೇಜರ್ 1911 ಅನ್ನೋ ಕ್ರ್ಯಾಕ್ ಗುಂಪು ಮುರಿದ ಪ್ರತಿಗಳು ಅಂತ 2023ರಲ್ಲಿ ವರದಿಯಾಯ್ತು. ಗುಂಪಿನ ಹೆಸರೇ ಫೈಲಿನೊಳಗೆ ಉಳಿದಿತ್ತು. ತನ್ನದೇ ಗೇಮ್‌ನ ಕಾಪಿ ರಕ್ಷಣೆ ಇಲ್ಲದ ಪ್ರತಿಯನ್ನು ಕಂಪನಿ ಜೋಪಾನ ಮಾಡಿರಲಿಲ್ಲ ಅಂತಲೇ ಅದರ ಅರ್ಥ.

ಸಿಫಾಲ್ಡಿ ಭಾಷಣದ ತಿರುಳು ಕಳ್ಳತನದ ಆರೋಪ ಅಲ್ಲ. ಎಮ್ಯುಲೇಶನ್ ಅಂದ್ರೆ ಪೈರಸಿ ಅಂತ ಉದ್ಯಮವೇ ಹೆದರಿಸಿಟ್ಟಿದ್ದರಿಂದ ಹಳೇ ಗೇಮ್‌ಗಳು ಮಾರುಕಟ್ಟೆಗೆ ವಾಪಸ್ ಬರ್ತಿಲ್ಲ ಅನ್ನೋದು. 2017ರಲ್ಲಿ ಅವರು ಶುರು ಮಾಡಿದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದಲ್ಲಿ ಬಿಡುಗಡೆಯಾದ ಹಳೇ ಗೇಮ್‌ಗಳಲ್ಲಿ ಶೇ. 87ರಷ್ಟು ಆಗ ಅಂಗಡಿಯಲ್ಲಿ ಸಿಗ್ತಿರಲಿಲ್ಲ.

ಯುಜು ವಿಷಯ ಬೇರೆ. ಅಲ್ಲಿ ತಕರಾರಿದ್ದದ್ದು ಸ್ವಿಚ್‌ನ ಎನ್‌ಕ್ರಿಪ್ಶನ್ ಬೀಗ ತೆಗೆಯುವ ಬಗ್ಗೆ. ಎಮ್ಯುಲೇಟರ್ ಬರೆಯೋದು ಸ್ವತಃ ತಪ್ಪಲ್ಲ ಅನ್ನೋದಕ್ಕೆ ಅಮೆರಿಕದಲ್ಲಿ ಎಲ್ಲರೂ ತೋರಿಸೋದು 2000ದ ಸೋನಿ ವಿರುದ್ಧ ಕನೆಕ್ಟಿಕ್ಸ್ ತೀರ್ಪು. ಸೋನಿ ಅಲ್ಲಿ ಸೋತು, ಮರುವರ್ಷ ಕನೆಕ್ಟಿಕ್ಸ್ ಮಾಡಿದ್ದ ಪ್ಲೇಸ್ಟೇಷನ್ ಎಮ್ಯುಲೇಟರನ್ನೇ ಕೊಂಡು ನಿಲ್ಲಿಸಿತು. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲೂ ಕಲಂ 52ರಲ್ಲಿ, ಹೊಂದಾಣಿಕೆಗೆ ಬೇಕಾದ ಮಾಹಿತಿ ಪಡೆಯೋದಕ್ಕೆ, ಪ್ರೋಗ್ರಾಂ ಹೇಗೆ ಕೆಲಸ ಮಾಡುತ್ತೆ ಅಂತ ಪರೀಕ್ಷಿಸೋದಕ್ಕೆ ಅವಕಾಶ ಇದೆ. 2012ರ ತಿದ್ದುಪಡಿಯಲ್ಲಿ ಬಂದ 65ಎ ಬೀಗ ಒಡೆಯುವ ಬಗ್ಗೆ.

ಐವತ್ತು_ಹರ್ಟ್ಜ್

ವೇಗದ ಪ್ರಶ್ನೆಗೆ ಪ್ಲೇಸ್ಟೇಷನ್ ಕ್ಲಾಸಿಕ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. 2018ರ ಡಿಸೆಂಬರ್ 3ರಂದು ಬಂತು, 20 ಗೇಮ್. ಎಮ್ಯುಲೇಟರ್ ಪಿಸಿಎಸ್‌ಎಕ್ಸ್ ರೀಆರ್ಮ್ಡ್, ಒಳ್ಳೆಯ ಎಮ್ಯುಲೇಟರೇ. ಕೆಟ್ಟಿದ್ದು ಡಿಸ್ಕ್ ಪ್ರತಿಗಳ ಆಯ್ಕೆ. 20ರಲ್ಲಿ 9 ಗೇಮ್ ಪಿಎಎಲ್ ಆವೃತ್ತಿ, ಟೆಕ್ಕನ್ 3 ಕೂಡ ಅದರಲ್ಲಿ ಸೇರಿತ್ತು.

ಪಿಎಎಲ್, ಎನ್‌ಟಿಎಸ್‌ಸಿ ಎರಡೂ ಹಳೇ ಟಿವಿ ಪದ್ಧತಿಗಳು. ಪಿಎಎಲ್ ಅಂದ್ರೆ ಸೆಕೆಂಡಿಗೆ 50 ಸಲ ಪರದೆ ಬದಲಾಗೋದು, ಎನ್‌ಟಿಎಸ್‌ಸಿಯಲ್ಲಿ 60. ಆ ಕಾಲದ ಎಷ್ಟೋ ಗೇಮ್‌ಗಳು ಪ್ರತಿ ಫ್ರೇಮಿಗೆ ಒಂದು ಹೆಜ್ಜೆ ಅನ್ನೋ ಲೆಕ್ಕದಲ್ಲಿ ಬರೆದವು. 60ಕ್ಕೆ ಬರೆದ ಗೇಮನ್ನು ಬದಲಾಯಿಸದೇ 50ರಲ್ಲಿ ಓಡಿಸಿದರೆ ಆಟವೇ ಶೇ. 16.7ರಷ್ಟು ನಿಧಾನ. ಅದರ ಮೇಲೆ ಈಗಿನ ಟಿವಿಗೆ ಹೋಗುವ ಸಿಗ್ನಲ್ 60 ಹರ್ಟ್ಜ್. 50 ಫ್ರೇಮನ್ನು 60ರೊಳಗೆ ತುಂಬಿಸೋಕೆ ಪ್ರತಿ ಐದನೇ ಫ್ರೇಮನ್ನು ಎರಡು ಸಲ ತೋರಿಸಬೇಕು. ಅಂದ್ರೆ ಸೆಕೆಂಡಿಗೆ ಹತ್ತು ಸಲ ಎಡವು. ಹಿನ್ನೆಲೆ ಅಡ್ಡಡ್ಡ ಸರಿಯುವ ಗೇಮ್‌ನಲ್ಲಿ ಇದು ಬರಿಗಣ್ಣಿಗೇ ಕಾಣುತ್ತೆ. ನಿಮಗೆ ತಡವರಿಕೆ ಅನಿಸಿದ್ದು ಬಹುಶಃ ಇದೇ.

ಬಿಡುಗಡೆಯಾಗಿ ಸ್ವಲ್ಪ ದಿನದಲ್ಲೇ ಜನ ಒಂದು ವಿಷಯ ಪತ್ತೆಹಚ್ಚಿದರು: ಕೆಲವು ಯುಎಸ್‌ಬಿ ಕೀಬೋರ್ಡ್ ಚುಚ್ಚಿ ಎಸ್ಕೇಪ್ ಒತ್ತಿದರೆ ಪಿಸಿಎಸ್‌ಎಕ್ಸ್‌ನ ಮೂಲ ಮೆನುವೇ ಎದುರಿಗೆ ಬರ್ತಿತ್ತು. ಅಲ್ಲಿಂದ ಪಿಎಎಲ್ ಬದಲು ಎನ್‌ಟಿಎಸ್‌ಸಿ ಟೈಮಿಂಗ್ ಆರಿಸಬಹುದಿತ್ತು. ಆದ್ರೆ ಇದು ಪೂರ್ತಿ ಮದ್ದಲ್ಲ. 50 ಹರ್ಟ್ಜ್‌ಗೆ ಅಂತಲೇ ತಿದ್ದಿದ ಗೇಮ್ ಆಗ ಅತಿ ವೇಗವಾಗಿ ಓಡುತ್ತೆ. ಸರಿಯಾದ ಪರಿಹಾರ ಎನ್‌ಟಿಎಸ್‌ಸಿ ಡಿಸ್ಕ್ ಪ್ರತಿಯೇ. ಮಾಲೀಕರಾದ ಸೋನಿಗೆ ಅದು ಕಷ್ಟವಾಗಬಾರದಿತ್ತು.

ನಮ್ಮ ದೇಶದ ಟಿವಿಗಳೂ ಪಿಎಎಲ್ ಆಗಿದ್ದರಿಂದ ಇಲ್ಲಿ ಅನೇಕರಿಗೆ ನೆನಪಿರುವ ವೇಗವೇ 50 ಹರ್ಟ್ಜ್‌ದು. ಹಾಗಾಗಿ "ನನ್ನ ನೆನಪಿನಂತೆಯೇ ಇದೆ" ಅನ್ನೋದನ್ನು ಅಳತೆಗೋಲು ಮಾಡ್ಕೋಬೇಡಿ. 2022ರಲ್ಲಿ ಸೋನಿಯ ಚಂದಾ ಸೇವೆ ಪಿಎಸ್ ಪ್ಲಸ್‌ಗೆ ಪಿಎಸ್1 ಗೇಮ್‌ಗಳು ಬಂದಾಗ ಏಷ್ಯಾದಲ್ಲಿ ಮತ್ತೆ ಪಿಎಎಲ್ ಪ್ರತಿಗಳೇ ಬಂದು, ಬೈಸಿಕೊಂಡ ಮೇಲೆ ಎನ್‌ಟಿಎಸ್‌ಸಿ ಆಯ್ಕೆ ಕೊಡ್ತೀವಿ ಅಂತ ಸೋನಿ ಹೇಳಬೇಕಾಯ್ತು.

ಸರಿಯಾದ ಪ್ರತಿ ಹಾಕಿದರೂ ಒಂದು ಸಣ್ಣ ತೊಡಕು ಉಳಿಯುತ್ತೆ. ಎನ್‌ಟಿಎಸ್‌ಸಿ ಎನ್‌ಇಎಸ್ ಸರಿಯಾಗಿ 60 ಅಲ್ಲ, 60.0988 ಹರ್ಟ್ಜ್. 60 ಹರ್ಟ್ಜ್ ಪರದೆಯಲ್ಲಿ ಮೂಲ ವೇಗವನ್ನೇ ಉಳಿಸಿಕೊಂಡರೆ ಸುಮಾರು ಹತ್ತು ಸೆಕೆಂಡಿಗೊಂದು ಫ್ರೇಮ್ ಬಿದ್ದುಹೋಗುತ್ತೆ. ಅದರ ಬದಲು ಇಡೀ ಗೇಮನ್ನು ಶೇ. 0.16ರಷ್ಟು ನಿಧಾನ ಮಾಡಿ, ಧ್ವನಿಯನ್ನೂ ಅಷ್ಟೇ ಪ್ರಮಾಣದಲ್ಲಿ ರೀಸ್ಯಾಂಪಲ್ ಮಾಡಿದರೆ ಯಾರಿಗೂ ಗೊತ್ತಾಗಲ್ಲ. ಚಿತ್ರ ನಿಧಾನ ಮಾಡಿ ಧ್ವನಿ ಹಾಗೇ ಬಿಟ್ಟರೆ ಬಫರ್ ಖಾಲಿಯಾದಾಗೆಲ್ಲ "ಪಟ್" ಅಂತ ಸದ್ದು ಬರುತ್ತೆ.

ಚಿತ್ರದ ಅಗಲದಲ್ಲೂ ಎಡವುತ್ತಾರೆ. ಎನ್‌ಇಎಸ್ ಪಿಕ್ಸೆಲ್ ಚೌಕ ಅಲ್ಲ, 8:7. 256×240 ಚಿತ್ರವನ್ನು 1080 ಸಾಲಿನ ಪರದೆಯಲ್ಲಿ ಎತ್ತರಕ್ಕೆ 4 ಪಟ್ಟು ಮಾಡಿದರೆ 960 ಸಾಲು, ಅಗಲ ಸುಮಾರು 1,170 ಬರಬೇಕು, ಅಂದ್ರೆ 4.57 ಪಟ್ಟು. ಹತ್ತಿರದ ಪಿಕ್ಸೆಲ್ ನಕಲು ಮಾಡುವ ವಿಧಾನದಲ್ಲಿ ಕೆಲವು ಕಂಬ 4, ಕೆಲವು 5 ಪಿಕ್ಸೆಲ್ ಅಗಲವಾಗಿ, ಪರದೆ ಸರಿದಾಗ ಅಲೆ ಎದ್ದ ಹಾಗೆ ಕಾಣುತ್ತೆ. ಮೊದಲು ಪೂರ್ಣಾಂಕದಲ್ಲಿ ದೊಡ್ಡದು ಮಾಡಿ, ಆಮೇಲೆ ಬೈಲೀನಿಯರ್ ಫಿಲ್ಟರಿನಲ್ಲಿ ಬೇಕಾದ ಅಗಲಕ್ಕೆ ಇಳಿಸಿದರೆ ಅಂಚು ಚೂಪಾಗಿಯೇ ಇದ್ದು ಅಲೆ ನಿಲ್ಲುತ್ತೆ.

ಎನ್64 ಇದಕ್ಕಿಂತ ತುಂಬಾ ಕಷ್ಟದ ಯಂತ್ರ. 2021ರ ಅಕ್ಟೋಬರ್‌ನಲ್ಲಿ ಸ್ವಿಚ್ ಆನ್‌ಲೈನ್‌ಗೆ ಒಕರಿನಾ ಆಫ್ ಟೈಮ್ ಬಂದಾಗ ಮಂಜಿನ ಎಫೆಕ್ಟ್ ಹಲವೆಡೆ ಮಾಯ, ವಾಟರ್ ಟೆಂಪಲ್‌ನ ಡಾರ್ಕ್ ಲಿಂಕ್ ಕೋಣೆ ಬೋಳು ಬೋಳು. ಮಾರಿಯೊ ಕಾರ್ಟ್ 64ರಲ್ಲಿ ಘೋಸ್ಟ್ (ಹಿಂದಿನ ಓಟದ ದಾಖಲೆ) ಉಳಿಸೋಕೆ ಆಗ್ತಿರಲಿಲ್ಲ, ಅದು ಉಳಿಯುವ ಕಂಟ್ರೋಲರ್ ಪ್ಯಾಕ್ ಅನ್ನೋ ಮೆಮೊರಿ ಕಾರ್ಡನ್ನೇ ಅವರು ಎಮ್ಯುಲೇಟ್ ಮಾಡಿರಲಿಲ್ಲ. ಆಮೇಲಿನ ಅಪ್‌ಡೇಟ್‌ಗಳಲ್ಲಿ ಸುಧಾರಿಸಿತು. ಯಂತ್ರ ತಯಾರಿಸಿದವರು ಅನ್ನೋ ಕಾರಣಕ್ಕೆ ಅವರ ಎಮ್ಯುಲೇಟರ್ ತಾನಾಗಿ ನಿಖರ ಆಗಿಬಿಡಲ್ಲ. ಗೇಮ್ ಒಂದೊಂದನ್ನೂ ಕೂತು ಪರೀಕ್ಷಿಸಬೇಕು. ಜಪಾನಿನ ಎಂ2 ಮಾಡಿದ ಮೆಗಾ ಡ್ರೈವ್ ಮಿನಿ, ಡಿಜಿಟಲ್ ಎಕ್ಲಿಪ್ಸ್‌ನ ಅಟಾರಿ 50 ನೋಡಿ, ಆ ಶ್ರಮ ಕಣ್ಣಿಗೆ ಕಾಣುತ್ತೆ.

ಹಳೇ_ಜಾಯ್‌ಸ್ಟಿಕ್

ಬಹಳ ಉಪಕಾರ ಆಯ್ತು. ಇನ್ನೊಂದು: ಬಟನ್ ಒತ್ತಿದ್ದು ತಡವಾಗಿ ತಾಗುತ್ತೆ ಅಂತಾರಲ್ಲ, ಅದರಲ್ಲಿ ಎಮ್ಯುಲೇಟರ್ ಪಾಲೆಷ್ಟು, ಟಿವಿ ಪಾಲೆಷ್ಟು ಅಂತ ಮನೆಯಲ್ಲೇ ಅಳೆಯಬಹುದಾ?

ಐವತ್ತು_ಹರ್ಟ್ಜ್

ಆಗುತ್ತೆ. ಮೊಬೈಲಿನ 240 ಫ್ರೇಮ್ ಸ್ಲೋ ಮೋಷನ್ ಸಾಕು. ಕಂಟ್ರೋಲರ್, ಪರದೆ ಎರಡೂ ಒಂದೇ ಚೌಕಟ್ಟಿನಲ್ಲಿ ಬರೋ ಹಾಗೆ ಇಟ್ಟು, ಬಟನ್ ತಳ ಮುಟ್ಟಿದ ಫ್ರೇಮಿನಿಂದ ಪರದೆಯಲ್ಲಿ ಪಾತ್ರ ಕದಲಿದ ಫ್ರೇಮಿನವರೆಗೆ ಎಣಿಸಿ. ಕ್ಯಾಮೆರಾದ ಒಂದು ಫ್ರೇಮ್ 4.17 ಮಿಲಿಸೆಕೆಂಡ್, ಅಂಥ ನಾಲ್ಕಕ್ಕೆ ಗೇಮ್‌ನ ಒಂದು ಫ್ರೇಮ್. ಗೇಮ್ ಫ್ರೇಮಿಗೊಂದು ಸಲ ಮಾತ್ರ ಬಟನ್ ಓದೋದರಿಂದ ಪ್ರತಿ ಸಲ 0ರಿಂದ 16.7 ಮಿಲಿಸೆಕೆಂಡ್ ಹೆಚ್ಚುಕಮ್ಮಿ ಆಗುತ್ತೆ. ಹತ್ತಿಪ್ಪತ್ತು ಸಲ ಅಳೆದು ಸರಾಸರಿ ತೆಗೀರಿ.

ಇದರಲ್ಲಿ ಗೇಮ್‌ನ ಸ್ವಂತ ವಿಳಂಬವೂ ಸೇರಿರುತ್ತೆ. ಅದನ್ನು ಕಳೆಯೋಕೆ ಪಿಸಿ ಎಮ್ಯುಲೇಟರಿನಲ್ಲಿ ಆಟವನ್ನು ತಡೆದು ನಿಲ್ಲಿಸಿ, ಬಟನ್ ಒತ್ತಿ ಹಿಡಿದು, ಒಂದೊಂದೇ ಫ್ರೇಮ್ ಮುಂದೆ ತಳ್ಳಿ. ಎರಡನೇ ಫ್ರೇಮಿನಲ್ಲಿ ಪಾತ್ರ ಕದಲಿದರೆ 33 ಮಿಲಿಸೆಕೆಂಡ್ ಗೇಮ್‌ನದ್ದೇ, ಮೂಲ ಯಂತ್ರದಲ್ಲೂ ಅಷ್ಟಿತ್ತು. ಮಿಕ್ಕದ್ದು ಎಮ್ಯುಲೇಟರ್ ಮತ್ತು ಟಿವಿ. ಟಿವಿಯ ಗೇಮ್ ಮೋಡ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಅಳೆದರೆ ಎಷ್ಟೋ ಸಲ ದೊಡ್ಡ ಪಾಲು ಟಿವಿಯದ್ದೇ ಅಂತ ಗೊತ್ತಾಗುತ್ತೆ.

ರೆಟ್ರೋಆರ್ಚ್ ಅನ್ನೋ ಎಮ್ಯುಲೇಟರ್ ಪ್ರೋಗ್ರಾಂನಲ್ಲಿ 2018ರಲ್ಲಿ ಬಂದ ರನ್-ಅಹೆಡ್ ಸೌಲಭ್ಯ ಗೇಮ್‌ನ ಸ್ವಂತ ವಿಳಂಬವನ್ನೂ ತೆಗೆಯುತ್ತೆ. ಸ್ಥಿತಿ ಸೇವ್ ಮಾಡಿ, ಮುಂದಿನ ಫ್ರೇಮ್‌ಗಳನ್ನು ತೆರೆಮರೆಯಲ್ಲಿ ಓಡಿಸಿ, ಕೊನೆಯದನ್ನು ತೋರಿಸಿ, ಮತ್ತೆ ಹಿಂದಕ್ಕೆ ಬರುತ್ತೆ. ಅಳೆದದ್ದಕ್ಕಿಂತ ಒಂದು ಫ್ರೇಮ್ ಜಾಸ್ತಿ ಕೊಟ್ಟರೂ ಜಿಗಿತದ ಮೊದಲ ಚಿತ್ರಗಳು ಹಾರಿಹೋಗ್ತವೆ.

ಲೈಸೆನ್ಸ್_ಓದುಗ

ಮೆಗಾ ಡ್ರೈವ್ ಗೇಮ್ ಮಾರುವ ಪ್ರಶ್ನೆಗೆ ಬರ್ತೀನಿ. ಸೋರ್ಸ್ ಇಲ್ಲದಿದ್ದರೆ ಎಮ್ಯುಲೇಶನ್ನೇ ಸರಿ. ಅಪೂರ್ಣ ಕೋಡ್ ಹಿಡಿದು ಪೋರ್ಟ್ ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ಕೊನಾಮಿಯ 2012ರ ಸೈಲೆಂಟ್ ಹಿಲ್ ಎಚ್‌ಡಿ ಕಲೆಕ್ಷನ್ ಇದೆ: ಅಂತಿಮ ಕೋಡ್ ಉಳಿದಿರಲಿಲ್ಲ, ಆಗಲೇ ಸರಿಪಡಿಸಿದ್ದ ದೋಷಗಳನ್ನು ಮತ್ತೆ ಎದುರಿಸಬೇಕಾಯ್ತು.

ಹೆಸರಾಂತ ಮೆಗಾ ಡ್ರೈವ್ ಎಮ್ಯುಲೇಟರ್ ಜೆನೆಸಿಸ್ ಪ್ಲಸ್ ಜಿಎಕ್ಸ್ ಮೇಲೆ ಕಣ್ಣು ಹೋಗಬಹುದು. ಅದರ ಲೈಸೆನ್ಸ್ ವ್ಯಾಪಾರಕ್ಕಲ್ಲ. ಲೇಖಕರ ಲಿಖಿತ ಅನುಮತಿ ಇಲ್ಲದೇ ಮುಟ್ಟಬೇಡಿ. ಪಿಕೋಡ್ರೈವ್ ಹಾಗೇ, ನಿಂಟೆಂಡೊದ ಎಸ್‌ಎನ್‌ಇಎಸ್ ಕನ್ಸೋಲಿಗೆ ಸ್ನೆಸ್9ಎಕ್ಸ್ ಕೂಡ ಹಾಗೇ. 2014ರಲ್ಲಿ ಹೈಪರ್‌ಕಿನ್ ಕಂಪನಿಯ, ಹಳೇ ಕಾರ್ಟ್ರಿಜ್ ಓಡಿಸುವ ಯಂತ್ರ ರೆಟ್ರಾನ್ 5 ವಿರುದ್ಧ ಈ ಬಗ್ಗೆಯೇ ದೊಡ್ಡ ತಕರಾರು ಎದ್ದಿತು. ಮಾರಲು ಆಗುವಂಥವು: ಬ್ಲಾಸ್ಟ್‌ಎಂ (ಲೈಸೆನ್ಸ್ ಜಿಪಿಎಲ್ 3), ಏರ್ಸ್ (ಲೈಸೆನ್ಸ್ ಐಎಸ್‌ಸಿ). ಐಎಸ್‌ಸಿ ಕೇಳೋದು ಹಕ್ಕುಸ್ವಾಮ್ಯದ ಸಾಲುಗಳನ್ನು ಉಳಿಸಿ ಅಂತ ಮಾತ್ರ, ಹಾಗಾಗಿ ನಿಮ್ಮ ಕೆಲಸಕ್ಕೆ ನಾನು ಏರ್ಸ್ ಕಡೆಗೇ ಒಲವು ತೋರಿಸ್ತೀನಿ. ಆರಿಸಿದ ದಿನದ ಲೈಸೆನ್ಸ್ ಫೈಲನ್ನು ಕೋಡ್ ಸಮೇತ ತೆಗೆದಿಟ್ಟುಕೊಳ್ಳಿ. ಮುಂದೆ ಬದಲಾಗಬಹುದು: ಪ್ಲೇಸ್ಟೇಷನ್ ಎಮ್ಯುಲೇಟರ್ ಡಕ್‌ಸ್ಟೇಷನ್ 2024ರಲ್ಲಿ ಜಿಪಿಎಲ್ ಬಿಟ್ಟು ವ್ಯಾಪಾರ ನಿಷೇಧಿಸುವ ಲೈಸೆನ್ಸಿಗೆ ಹೋಯ್ತು, ಆರ್ಕೇಡ್ ಎಮ್ಯುಲೇಟರ್ ಮೇಮ್ 2016ರಲ್ಲಿ ಉಲ್ಟಾ ದಿಕ್ಕಿನಲ್ಲಿ ಬಂತು.

ಜಿಪಿಎಲ್ ಎಮ್ಯುಲೇಟರ್ ಮಾರಬಾರದು ಅನ್ನೋದು ತಪ್ಪು ಕಲ್ಪನೆ. ಮಾರಬಹುದು. ನೀವು ತಿದ್ದಿದ ಎಮ್ಯುಲೇಟರಿನ ಪೂರ್ತಿ ಸೋರ್ಸ್ ಕೊಂಡವರಿಗೆ ಸಿಗಬೇಕು, ಲೈಸೆನ್ಸ್ ಪಠ್ಯ ಜೊತೆಗಿರಬೇಕು. ಗೇಮ್‌ನ ರಾಮ್‌ಗೆ ಜಿಪಿಎಲ್ ಅಂಟಲ್ಲ, ಅದು ಎಮ್ಯುಲೇಟರಿಗೆ ದತ್ತಾಂಶ ಅಷ್ಟೇ. ಗಾಗ್ ಅಂಗಡಿಯಲ್ಲಿ ಹಳೇ ಡಾಸ್ ಗೇಮ್‌ಗಳು ಡಾಸ್‌ಬಾಕ್ಸ್ ಎಮ್ಯುಲೇಟರ್ ಜೊತೆಗೇ ಬರೋದು ಹೀಗೆ. ತೊಡಕಿರೋದು ಸ್ಟೀಮ್ ಕೊಡುವ ಸ್ಟೀಮ್‌ವರ್ಕ್ಸ್ ಉಪಕರಣಗಳಲ್ಲಿ: ಅದರ ಲೈಬ್ರರಿ ಮುಚ್ಚಿದ ಕೋಡ್, ಜಿಪಿಎಲ್ ಪ್ರೋಗ್ರಾಂಗೆ ನೇರ ಲಿಂಕ್ ಮಾಡಬೇಡಿ. ಲಾಂಚರ್ ಬೇರೆ, ಎಮ್ಯುಲೇಟರ್ ಬೇರೆ ಪ್ರೋಗ್ರಾಂ ಆಗಿ ಓಡಲಿ.

ಕನ್ಸೋಲಿಗೆ ಹೋಗೋದಾದ್ರೆ ಜಿಪಿಎಲ್ ಬಿಟ್ಟುಬಿಡಿ. 2008ರ ಸುಮಾರಿಗೆ ಅಟಾರಿ ಹೆಸರಲ್ಲಿ ವೀ ಕನ್ಸೋಲಿಗೆ ಬಂದ ಮಕ್ಕಳ ಗೇಮ್‌ಗಳಲ್ಲಿ ಜಿಪಿಎಲ್‌ನ ಸ್ಕಮ್‌ವಿಎಂ (ಹಳೇ ಸಾಹಸ ಗೇಮ್‌ಗಳನ್ನು ಓಡಿಸುವ ಪ್ರೋಗ್ರಾಂ) ಅಡಗಿತ್ತು, ಲೈಸೆನ್ಸ್ ಉಲ್ಲೇಖ ಇರಲಿಲ್ಲ. ವೀ ಅಭಿವೃದ್ಧಿ ಕಿಟ್‌ನ ಷರತ್ತು ಓಪನ್ ಸೋರ್ಸ್ ಬಳಸೋದನ್ನೇ ತಡೆಯುತ್ತಿದ್ದರಿಂದ ಕೋಡ್ ಕೊಟ್ಟು ಸರಿಮಾಡಿಕೊಳ್ಳೋ ದಾರಿಯೂ ಇರಲಿಲ್ಲ. ರಾಜಿಯಲ್ಲಿ ಮುಗೀತು.

ರಾಮ್ ನೀವೇ ಡಂಪ್ ಮಾಡಿ. ಕಾಂಟ್ಯಾಕ್ಟ್‌ಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಎರಡು ಬೇರೆ ಕಾರ್ಟ್ರಿಜ್‌ಗಳಿಂದ ಎರಡೆರಡು ಸಲ ಓದಿ, ನಾಲ್ಕೂ ಎಸ್‌ಎಚ್‌ಎ-1 ಒಂದೇ ಬರಬೇಕು. ಆಮೇಲೆ ಹೆಡರಿನ ಚೆಕ್‌ಸಮ್ (ಫೈಲ್ ಸರಿಯಿದೆಯಾ ಅಂತ ತಾಳೆ ನೋಡುವ ಮೊತ್ತ) ನೋಡಿ: ಆಫ್‌ಸೆಟ್ 398ರಲ್ಲಿ ಎರಡು ಬೈಟ್ ಇದೆ, ಆಫ್‌ಸೆಟ್ 512ರಿಂದ ಕೊನೆಯವರೆಗಿನ 16-ಬಿಟ್ ಪದಗಳನ್ನೆಲ್ಲ ಕೂಡಿ ಕೆಳಗಿನ 16 ಬಿಟ್ ತೆಗೆದರೆ ಅದಕ್ಕೆ ಹೊಂದಬೇಕು. ಕೆಲವು ಗೇಮ್‌ಗಳಲ್ಲಿ ಮೂಲದಲ್ಲೇ ತಪ್ಪು ಚೆಕ್‌ಸಮ್ ಇರುತ್ತೆ, ನಾಲ್ಕೂ ಡಂಪ್ ಒಂದೇ ಇದ್ದರೆ ಅದನ್ನು ತಿದ್ದೋಕೆ ಹೋಗಬೇಡಿ. ಪಿಎಎಲ್, ಎನ್‌ಟಿಎಸ್‌ಸಿ ಎರಡೂ ಇದ್ದರೆ ಐವತ್ತು_ಹರ್ಟ್ಜ್ ಅವರು ಹೇಳಿದ ಕಾರಣಕ್ಕೆ ಎನ್‌ಟಿಎಸ್‌ಸಿ ಹಾಕಿ. ಪರದೆಯ ಮೇಲೆ ಸೆಗಾ ಲೋಗೋ ಬರುತ್ತಿದ್ದರೆ, ಹಿನ್ನೆಲೆ ಹಾಡು ಬೇರೆಯವರದ್ದಾಗಿದ್ದರೆ ಅವುಗಳ ಅನುಮತಿ ಪ್ರತ್ಯೇಕ. 2010ರಲ್ಲಿ ಕ್ರೇಜಿ ಟ್ಯಾಕ್ಸಿ ಮರುಬಿಡುಗಡೆಯಾದಾಗ ಪಿಜ್ಜಾ ಹಟ್ ಫಲಕಗಳೂ ಮೂಲ ಹಾಡುಗಳೂ ಹೋಗಿದ್ದು ಅದಕ್ಕೇ.

ಎಮ್ಯುಲೇಟರ್ ಬರೆದವರ ಹೆಸರನ್ನು ಕ್ರೆಡಿಟ್ಸ್ ಮೆನುವಿನಲ್ಲೇ ಹಾಕಿ, ಯಾವುದೋ ಪಠ್ಯ ಫೈಲಿನ ಮೂಲೆಯಲ್ಲಿ ಬೇಡ. ಬಿಡುಗಡೆಗೆ ಮುಂಚೆ ಇನ್ನೊಂದು ತೀರ್ಮಾನ ಮಾಡಿಕೊಳ್ಳಿ: ಎಮ್ಯುಲೇಟರಿನ ಆವೃತ್ತಿ ಬದಲಿಸಿದ ದಿನ ಆಟಗಾರರ ಹಳೇ ಸೇವ್ ಸ್ಟೇಟ್‌ಗಳು (ಆಟದ ಮಧ್ಯೆ ಎಮ್ಯುಲೇಟರ್ ಉಳಿಸಿದ ಪೂರ್ತಿ ಸ್ಥಿತಿ) ತೆರೆಯದೇ ಹೋಗಬಹುದು. ಕಾರ್ಟ್ರಿಜ್‌ನ ಬ್ಯಾಟರಿ ಸೇವ್ ಇರುವ ಫೈಲನ್ನು ಬೇರೆಯೇ ಫೋಲ್ಡರಿನಲ್ಲಿಟ್ಟು, ಸ್ಟೀಮ್ ಕ್ಲೌಡ್‌ಗೆ ಅದನ್ನು ಕಡ್ಡಾಯವಾಗಿ ಸೇರಿಸಿ. ಸೇವ್ ಸ್ಟೇಟ್ ಫೈಲಿನ ಹೆಸರಲ್ಲಿ ಎಮ್ಯುಲೇಟರ್ ಆವೃತ್ತಿ ಸಂಖ್ಯೆ ಇರಲಿ.